ಹೊರಗಿನವರು ಕಂಡ ಯೆಹೂದ್ಯರು
(ಬಾನುಲಿ ಭಾಷಣ)

ಕಾವ್ಯಮೀಮಾಂಸೆಯನ್ನು ಪಾಠ ಹೇಳುವ ಕನ್ನಡ ಅಧ್ಯಾಪಕನು ಭಾಮಹ, ಆನಂದವರ್ಧನರ ಜೊತೆಗೆ ಪಶ್ಚಿಮದ ಇಬ್ಬರು ಮೂವರನ್ನಾದರೂ ಪರಿಚಯ ಮಾಡಿಕೊಡಬೇಕಾಗುತ್ತದೆ. ಅರಿಸ್ಟಾಟಲನಾದ ಮೇಲೆ ಲಾಂಜೈನಸ್. ಅವನ ಹೆಸರಿನಲ್ಲಿ ನಡೆದುಬಂದಿರುವ, ಭವ್ಯತೆಯನ್ನು ಕುರಿತ ಆ ಪುಟ್ಟ ಗ್ರಂಥ ನನಗೆ ಮೊದಲಿನಿಂದಲೂ ಪ್ರಿಯವಾದದ್ದು. ಅದರ ಒಂಬತ್ತನೆಯ ಅಧ್ಯಾಯದಲ್ಲಿ ಹೋಮರನ ‘ಇಲಿಯಡ್’ನಿಂದ ಎತ್ತಿಕೊಂಡ ಒಂದು ಪ್ರಸಂಗವಿದೆ. ರಣರಂಗಕ್ಕೆ ಮಂಜು ಕವಿದಿದೆ. ವೀರ ಏಜಾಕ್ಸ್ ದೇವರನ್ನು ಪ್ರಾಣಭಿಕ್ಷೆ ಬೇಡುವುದಿಲ್ಲ, ಬೆಳಕನ್ನು ಬೇಡುತ್ತಾನೆ. ಸಾಯುವುದೇ ಆದರೆ ಬೆಳಕಿನಲ್ಲಿ ಸಾಯುತ್ತೇವೆ ಎಂಬುದು ಆ ಪ್ರಾರ್ಥನೆಯ ತಾತ್ಪರ್ಯ. ಈ ಭಾಗವನ್ನು ಎಷ್ಟೋ ವರ್ಷ ನಾನು ಉತ್ಸಾಹದಿಂದ ಪಾಠ ಹೇಳಿದೆ. ಅದರ ಹಿಂದಿನ ನಾಲ್ಕಾರು ಸಾಲುಗಳನ್ನು ಅಷ್ಟೇ ವರ್ಷ ಬಿಟ್ಟುಕೊಂಡು ಬಂದೆ. ಬಿಟ್ಟದ್ದಕ್ಕೆ ಕಾರಣವೇನೂ ಇರಲಿಲ್ಲ. ಪಾಠ ಹೇಳುವವರಿಗೆ ತಮಗೆ ತಿಳಿಯದ್ದನ್ನು ಅಮುಖ್ಯವೆಂದು ದಾಟಿಹೋಗುವ ಒಂದು ಹಳೆಯ ಕಾಯಿಲೆ ಇದೆ, ಅಷ್ಟೆ.

ಒಂದು ದಿನ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದುನಿಂತು ಆ ಸಾಲುಗಳನ್ನೇ ತೋರಿಸಿದ. ಅಲ್ಲಿ ಲಾಂಜೈನಸ್ ‘ಯೆಹೂದ್ಯರ ಶಾಸನಕರ್ತ’ನೊಬ್ಬನನ್ನು ಹೊಗಳುತ್ತಾನೆ; ಅವನು ಸಾಮಾನ್ಯ ಮನುಷ್ಯನಲ್ಲ, ದೈವದ ಶಕ್ತಿಯನ್ನು ಅದಕ್ಕೆ ತಕ್ಕ ಮಾತಿನಲ್ಲಿ ಹೇಳಬಲ್ಲವನಾಗಿದ್ದ ಎನ್ನುತ್ತಾನೆ; ಮಾತಿನಿಂದಲೇ ಬೆಳಕು ಹುಟ್ಟಿತೆಂಬ ಸೃಷ್ಟಿಕಥೆಯ ಪ್ರಾರಂಭವನ್ನು ಉದಾಹರಿಸುತ್ತಾನೆ. ಹುಡುಗ ಕೇಳಿದ: “ಗ್ರೀಕರಿಗೆ ಬೈಬಲ್ ಗೊತ್ತಿತ್ತೇ ಸಾರ್?” ನಾನು ತಡಮಾಡದೆ “ಗೊತ್ತಿತ್ತು” ಎಂದುಬಿಟ್ಟೆ. ಗಂಟೆ ಹೊಡೆಯಿತು, ನಾನು ಬದುಕಿಕೊಂಡೆ.

ನಿವೃತ್ತನಾದ ಮೇಲೆ ಆ ಉತ್ತರ ನನ್ನನ್ನು ಕಾಡತೊಡಗಿತು. ಗ್ರೀಕ್ ಮತ್ತು ಲ್ಯಾಟಿನ್ ಲೇಖಕರು ಯೆಹೂದ್ಯರ ವಿಷಯವಾಗಿ ಬರೆದ ಮಾತುಗಳನ್ನೆಲ್ಲ ಮೆನಹೆಮ್ ಸ್ಟರ್ನ್ ಎಂಬ ವಿದ್ವಾಂಸರು ಕಲೆಹಾಕಿ, 1974ರಿಂದ 1984ರವರೆಗೆ ಮೂರು ದಪ್ಪ ಸಂಪುಟಗಳಲ್ಲಿ ಜೆರೂಸಲೇಮಿನಿಂದ ಪ್ರಕಟಿಸಿದ್ದಾರೆ. ಹೆರೊಡೋಟಸನಿಂದ ಹಿಡಿದು ಸುಮಾರು ಸಾವಿರ ವರ್ಷದ ಮಾತುಗಳು ಅಲ್ಲಿವೆ. ಓದುತ್ತ ಹೋದಂತೆ ನನ್ನ ಉತ್ತರ ಬಹುಮಟ್ಟಿಗೆ ತಪ್ಪೆಂಬುದು ಸ್ಪಷ್ಟವಾಯಿತು. ಯೆಹೂದ್ಯರ ವಿಷಯ ಬರೆದವರು ಬಹಳ ಮಂದಿ. ಅವರ ಗ್ರಂಥವನ್ನು ತೆರೆದು ನೋಡಿದವರು ಬೆರಳೆಣಿಕೆಗೂ ಸಾಲರು.

ಪ್ರಾರಂಭದಲ್ಲಿ ದ್ವೇಷವಿರಲಿಲ್ಲ. ಕ್ರಿ.ಪೂ. 5ನೆಯ ಶತಮಾನದ ಹೆರೊಡೋಟಸ್ ಅವರ ಹೆಸರನ್ನೂ ಹೇಳುವುದಿಲ್ಲ; ಸುನ್ನತಿಯ ಪದ್ಧತಿಯುಳ್ಳ ‘ಪ್ಯಾಲೆಸ್ತೀನಿನ ಸಿರಿಯನ್ನರು’ ಎಂದಷ್ಟೇ ಹೇಳಿ ಮುಂದೆ ಸಾಗುತ್ತಾನೆ. ಅಲೆಕ್ಸಾಂಡರನ ದಂಡಯಾತ್ರೆಯಿಂದ ಪೂರ್ವದ ಬಾಗಿಲು ತೆರೆದ ಮೇಲೆ ಗ್ರೀಕ್ ವಿದ್ವಾಂಸರಿಗೆ ಕುತೂಹಲ ಹುಟ್ಟಿತು. ಅರಿಸ್ಟಾಟಲನ ಶಿಷ್ಯನಾದ ಥಿಯೊಫ್ರಾಸ್ಟಸ್ ಯೆಹೂದ್ಯರನ್ನು ಹುಟ್ಟಾ ತತ್ತ್ವಜ್ಞಾನಿಗಳ ಕುಲವೆಂದು ಕರೆದ. ಅವರು ರಾತ್ರಿಯಲ್ಲಿ ನಕ್ಷತ್ರಗಳನ್ನು ನೋಡುತ್ತ, ದೈವವನ್ನು ಕುರಿತು ಸಂವಾದ ಮಾಡುತ್ತ, ಜೇನನ್ನೂ ದ್ರಾಕ್ಷಾರಸವನ್ನೂ ಸುರಿದು ಬಲಿಯನ್ನು ಪೂರ್ತಿಯಾಗಿ ದಹಿಸುತ್ತಾರಂತೆ. ಚಿತ್ರವೇನೋ ರಮ್ಯವಾಗಿದೆ. ಆದರೆ ಜೇನನ್ನು ಅಗ್ನಿಗೆ ಅರ್ಪಿಸಕೂಡದೆಂದು ಯೆಹೂದ್ಯರ ಧರ್ಮಶಾಸ್ತ್ರವೇ ನಿಷೇಧಿಸಿದೆ! ಮೆಚ್ಚಿಕೊಂಡವನೂ ವಿಚಾರಿಸಿ ನೋಡಲಿಲ್ಲ.

ಅರಿಸ್ಟಾಟಲನ ಇನ್ನೊಬ್ಬ ಶಿಷ್ಯ ಕ್ಲಿಯಾರ್ಕಸ್ ಹೇಳುವ ಮಾತು ನಮಗೆ ಹೆಚ್ಚು ಸ್ವಾರಸ್ಯದ್ದು. ಅರಿಸ್ಟಾಟಲ್ ಏಷ್ಯಾ ಮೈನರಿನಲ್ಲಿ ಒಬ್ಬ ಯೆಹೂದ್ಯನನ್ನು ಕಂಡನಂತೆ. ಅವನು ಮಾತಿನಲ್ಲಷ್ಟೇ ಅಲ್ಲ, ಆತ್ಮದಲ್ಲಿಯೂ ಗ್ರೀಕನಾಗಿದ್ದನಂತೆ. ಅಲ್ಲಿಗೇ ನಿಲ್ಲದೆ, ಯೆಹೂದ್ಯರು ಭಾರತದ ತತ್ತ್ವಜ್ಞಾನಿಗಳ ಸಂತತಿಯವರು, ಭಾರತದಲ್ಲಿ ಅವರಿಗೆ ‘ಕಲಾನೋಯ್’ ಎಂದು ಹೆಸರು ಎಂದೂ ಸೇರಿಸುತ್ತಾನೆ. ಅಲೆಕ್ಸಾಂಡರನ ಜೊತೆಯಲ್ಲಿ ಹೋಗಿ ಪರ್ಷಿಯದಲ್ಲಿ ಅಗ್ನಿಪ್ರವೇಶ ಮಾಡಿದ ಕಲಾನೋಸನ ನೆನಪು ಇಲ್ಲಿ ಒಂದು ಕುಲದ ಹೆಸರಾಗಿಬಿಟ್ಟಿದೆ. ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ಬಂದಿದ್ದ ಮೆಗಸ್ತನೀಸನೂ ಇವರಿಬ್ಬರನ್ನು ಜೊತೆಗೂಡಿಸುತ್ತಾನೆ: ಪ್ರಕೃತಿಯ ವಿಷಯವಾಗಿ ಗ್ರೀಕ್ ಪ್ರಾಚೀನರು ಹೇಳಿದ್ದನ್ನೆಲ್ಲ ಭಾರತದಲ್ಲಿ ಬ್ರಾಹ್ಮಣರೂ ಸಿರಿಯದಲ್ಲಿ ಯೆಹೂದ್ಯರೂ ಹೇಳಿದ್ದಾರೆ ಎಂದು. ಶ್ರವಣಬೆಳ್ಗೊಳದ ಐತಿಹ್ಯದಿಂದ ನಮಗೆ ಹತ್ತಿರದವನೇ ಆಗಿರುವ ಚಂದ್ರಗುಪ್ತನ ಕಾಲದ ಮಾತಿದು. ಮೊದಲು ಓದಿದಾಗ ನನಗೂ ಹೆಮ್ಮೆಯೆನಿಸಿತು. ಆಮೇಲೆ ಯೋಚಿಸಿದರೆ, ಇದು ದೂರದವರೆಲ್ಲರನ್ನೂ ಒಂದೇ ಮೂಟೆ ಕಟ್ಟುವ ಕ್ರಮ. ಹೊಗಳಿಕೆಯ ಮೂಟೆಯಾದರೂ ಮೂಟೆ ಮೂಟೆಯೇ.

ಅದೇ ಕಾಲದ ಅಬ್ದೇರಾದ ಹೆಕಟೇಯಸ್ ಸ್ವಲ್ಪ ಹೆಚ್ಚು ತಿಳಿದವನು. ಮೋಶೆಯ ಹೆಸರು, ವಿಗ್ರಹವಿಲ್ಲದ ಪೂಜೆ, ಪುರೋಹಿತರ ಆಡಳಿತ ಎಲ್ಲವೂ ಅವನಿಗೆ ಗೊತ್ತು, ಬರೆಯುವುದೂ ಗೌರವದಿಂದಲೇ. ಆದರೆ ನಡುವೆ ಒಂದು ಮಾತು ಬೀಳುತ್ತದೆ: ಮೋಶೆ ಅವರಿಗೆ ಸ್ವಲ್ಪ ಜನದೂರವಾದ, ಪರಕೀಯರಿಗೆ ಒಗ್ಗದ ಬಾಳುವೆಯನ್ನು ಹಾಕಿಕೊಟ್ಟ ಎಂದು. ಆ ‘ಸ್ವಲ್ಪ’ ಎಂಬ ಪದವನ್ನು ಮುಂದಿನವರು ಉದುರಿಸಿಬಿಟ್ಟರು. ಮುಂದಿನ ನಾನೂರು ವರ್ಷ ಈ ಆರೋಪ ಕೈಯಿಂದ ಕೈಗೆ ಸವೆಯದ ನಾಣ್ಯದಂತೆ ನಡೆಯಿತು.

ಕಥೆ ಕಹಿಯಾದದ್ದು ಈಜಿಪ್ಟಿನಲ್ಲಿ. ಯೆಹೂದ್ಯರ ಪವಿತ್ರ ಗ್ರಂಥ, ಅವರ ಪೂರ್ವಿಕರು ಈಜಿಪ್ಟಿನಲ್ಲಿ ದಾಸರಾಗಿದ್ದು ಬಿಡುಗಡೆ ಹೊಂದಿದರೆಂದು ಹೇಳುತ್ತದೆ. ಆ ಕಥೆಯಲ್ಲಿ ಖಳರಾದವರಿಗೂ ಹೇಳಲು ತಮ್ಮದೊಂದು ಕಥೆ ಬೇಕಷ್ಟೆ! ಕ್ರಿ.ಪೂ. 3ನೆಯ ಶತಮಾನದಲ್ಲಿ ಈಜಿಪ್ಟಿನ ಪುರೋಹಿತ ಮನೆಥೊ ತನ್ನ ದೇಶದ ಚರಿತ್ರೆಯನ್ನು ಗ್ರೀಕಿನಲ್ಲಿ ಬರೆದ. ಅವನ ಹೆಸರಿನಲ್ಲಿ ಉಳಿದಿರುವ ವೃತ್ತಾಂತದ ಪ್ರಕಾರ, ರಾಜನೊಬ್ಬ ದೇಶದ ಕುಷ್ಠರೋಗಿಗಳನ್ನೂ ಅಂಗಹೀನರನ್ನೂ, ಒಟ್ಟು 80,000 ಜನರನ್ನು, ಕಲ್ಲುಗಣಿಗೆ ಅಟ್ಟಿದ. ಅವರಿಗೆ ನಾಯಕನಾದ ಒಸರ್ಸೆಫ್ ಎಂಬ ಪುರೋಹಿತನೇ ಮುಂದೆ ಮೋಶೆಯೆಂದು ಹೆಸರಾದ. ದಾಸ್ಯದಿಂದ ಹೊರಟುಬಂದವರ ಕಥೆ ರೋಗಕ್ಕಾಗಿ ಹೊರದೂಡಲ್ಪಟ್ಟವರ ಕಥೆಯಾಯಿತು. ಅಂತೆಕಂತೆಗಳ ಸಂತೆ ಇಲ್ಲಿ ನೆರೆಯಿತು.

ಇದರ ವಿಪರೀತವೆಂದರೆ, ಅದೇ ಶತಮಾನದಲ್ಲಿ, ಅದೇ ದೇಶದ ಅಲೆಕ್ಸಾಂಡ್ರಿಯ ನಗರದಲ್ಲಿ ಯೆಹೂದ್ಯರ ಧರ್ಮಶಾಸ್ತ್ರ ಗ್ರೀಕಿಗೆ ಭಾಷಾಂತರವಾಯಿತು. ಆದಿಕಾಂಡವೇ ಮೊದಲಾದ ಐದು ಭಾಗಗಳೂ ಗ್ರೀಕ್ ಬಲ್ಲ ಯಾರಾದರೂ ಓದಬಹುದಾದ ರೂಪದಲ್ಲಿ ಸಿದ್ಧವಾದುವು. ಜಗತ್ತಿನ ಅತಿದೊಡ್ಡ ಗ್ರಂಥಾಲಯವಿದ್ದ ಊರು ಅದು. ಹೋಮರನ ಒಂದೊಂದು ಅಕ್ಷರದ ಪಾಠಾಂತರಕ್ಕೂ ಪಂಡಿತರು ಜೀವ ತೇಯುತ್ತಿದ್ದ ಊರು. ಪಕ್ಕದ ಬೀದಿಯವರ ಗ್ರಂಥವನ್ನು ಕೈಗೆತ್ತಿಕೊಳ್ಳಲು ಆ ಪಂಡಿತರಿಗೆ ಪುರುಸೊತ್ತಾಗಲಿಲ್ಲ.

ಅಪಿಯಾನ್ ಅಂಥ ಪಂಡಿತರಲ್ಲಿ ಒಬ್ಬ, ಕ್ರಿ.ಶ. 1ನೆಯ ಶತಮಾನದವನು, ಹೋಮರನ ವ್ಯಾಖ್ಯಾನಕಾರ. ಅವನ ಬಡಾಯಿಯನ್ನು ಕೇಳಿದ ಚಕ್ರವರ್ತಿ ತಿಬೇರಿಯಸ್ ಅವನಿಗೆ ಲೋಕದ ಜಾಗಟೆಯೆಂದು ಹೆಸರಿಟ್ಟನಂತೆ. ಜಾಗಟೆ ಬಾರಿಸಿದ ಎರಡು ಕಥೆಗಳನ್ನು ಹೇಳಬೇಕು. ಜೆರೂಸಲೇಮಿನ ದೇವಾಲಯದಲ್ಲಿ ಕತ್ತೆಯ ತಲೆಯನ್ನಿಟ್ಟು ಪೂಜಿಸುತ್ತಿದ್ದರೆಂಬುದು ಒಂದು. ಎರಡನೆಯದು ಘೋರವಾದದ್ದು: ಸಿರಿಯದ ದೊರೆ ಅಂತಿಯೋಕಸ್ ಆ ದೇವಾಲಯವನ್ನು ಹೊಕ್ಕಾಗ ಒಳಗೆ ಒಬ್ಬ ಗ್ರೀಕನನ್ನು ಕೂಡಿಹಾಕಿ ಮೃಷ್ಟಾನ್ನವಿಟ್ಟು ಕೊಬ್ಬಿಸುತ್ತಿದ್ದರು, ವರ್ಷಕ್ಕೊಬ್ಬನನ್ನು ಹೀಗೆ ಬಲಿಕೊಟ್ಟು, ಅವನ ಕರುಳನ್ನು ರುಚಿನೋಡಿ, ಗ್ರೀಕರ ಮೇಲೆ ಹಗೆಯ ಪ್ರಮಾಣ ಮಾಡುತ್ತಿದ್ದರು.

ಇದಕ್ಕೆ ಉತ್ತರ ಬರೆದವನು ಜೋಸೆಫಸ್. ರೋಮನ್ನರ ಮೇಲೆ ಯುದ್ಧ ಮಾಡಿ, ಸೋತು ಶರಣಾಗಿ, ಕೊನೆಗೆ ರೋಮಿನಲ್ಲೇ ನೆಲೆಸಿದ ಯೆಹೂದ್ಯ ಚರಿತ್ರಕಾರ. ಅವನನ್ನು ಅವನ ಜನವೇ ದ್ರೋಹಿಯೆಂದು ಬಗೆಯಿತು. ಆದರೂ ಕ್ರಿ.ಶ. 1ನೆಯ ಶತಮಾನದ ಕೊನೆಯಲ್ಲಿ ಅವನು ‘ಅಪಿಯಾನನ ವಿರುದ್ಧ’ ಎಂಬ ಗ್ರಂಥವನ್ನು ಬರೆಯದೆ ಇದ್ದಿದ್ದರೆ ಕ್ಲಿಯಾರ್ಕಸನ ಮೆಚ್ಚುಗೆಯೂ ಮನೆಥೊನ ನಿಂದೆಯೂ ನಮಗೆ ದೊರೆಯುತ್ತಿರಲಿಲ್ಲ. ಖಂಡಿಸುವುದಕ್ಕಾಗಿ ಎತ್ತಿಕೊಂಡದ್ದರಿಂದ ಅಪಿಯಾನನ ಕಥೆಗಳೂ ಉಳಿದುವು. ಇದೊಂದು ವಿಧಿಯ ಅಣಕ. ಅವನ ಉತ್ತರ ತೀರ ಸರಳವಾದದ್ದು. ಸಾವಿರಾರು ಜನ ಸೇರಿ ರುಚಿನೋಡಲು ಒಬ್ಬ ಮನುಷ್ಯನ ಕರುಳು ಸಾಕಾಗುವುದೆಂತು? ಆ ಗ್ರೀಕನನ್ನು ಬಿಡಿಸಿದ ದೊರೆ ಅವನನ್ನು ಮೆರವಣಿಗೆಯಲ್ಲಿ ಊರಿಗೆ ಕಳಿಸಿ ಕೀರ್ತಿ ಪಡೆಯಲಿಲ್ಲವೇಕೆ? ಓದುವಾಗ ನನಗೆ ಅಯ್ಯೋ ಎನಿಸಿತು. ಇಂಥ ಸುಳ್ಳಿಗೂ ಒಬ್ಬ ವಿದ್ವಾಂಸ ಕುಳಿತು ಲೆಕ್ಕ ಒಪ್ಪಿಸಬೇಕಾಯಿತಲ್ಲ! ಲೆಕ್ಕ ಒಪ್ಪಿಸಿದರೂ ಸುಳ್ಳು ಸಾಯಲಿಲ್ಲ. 1144ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಒಬ್ಬ ಬಾಲಕ ಸತ್ತಾಗ ಅವನನ್ನು ಯೆಹೂದ್ಯರು ಬಲಿಕೊಟ್ಟರೆಂಬ ಮಾತು ಹುಟ್ಟಿತು. ಅಲ್ಲಿಂದ ಮುಂದೆ ಯೂರೋಪಿನಲ್ಲಿ ಶತಮಾನಗಳುದ್ದಕ್ಕೂ ಅದೇ ಅಚ್ಚಿನ ಕಥೆಗಳು ಎದ್ದುವು, ಅವುಗಳ ಬೆನ್ನಿಗೆ ಕೊಲೆಗಳೂ ನಡೆದುವು.

ಅಪಿಯಾನನ ಕಾಲದಲ್ಲಿಯೂ ಇದು ಬರಿಯ ಪುಸ್ತಕದ ಮಾತಾಗಿರಲಿಲ್ಲ. ಕ್ರಿ.ಶ. 38ರಲ್ಲಿ ಅಲೆಕ್ಸಾಂಡ್ರಿಯದಲ್ಲಿ ದೊಂಬಿಯಾಯಿತು. ಯೆಹೂದ್ಯರ ಮನೆಗಳನ್ನು ಲೂಟಿಮಾಡಿ, ಅವರನ್ನು ಊರಿನ ಒಂದೇ ಮೂಲೆಗೆ ತಳ್ಳಿ, ಸಿಕ್ಕವರನ್ನು ಕೊಂದರು. ಎರಡು ಕಡೆಯಿಂದಲೂ ಚಕ್ರವರ್ತಿ ಕಲಿಗುಲನ ಬಳಿಗೆ ನಿಯೋಗಗಳು ಹೋದುವು. ಗ್ರೀಕರ ನಿಯೋಗದಲ್ಲಿ ಅಪಿಯಾನ್. ಯೆಹೂದ್ಯರ ಕಡೆ ತತ್ತ್ವಜ್ಞಾನಿ ಫಿಲೊ. ಆ ಭೇಟಿಯನ್ನು ಫಿಲೊ ವರ್ಣಿಸಿದ್ದಾನೆ. ಚಕ್ರವರ್ತಿ ತನ್ನ ಉದ್ಯಾನಭವನಗಳ ಕೋಣೆಗಳನ್ನು ಪರೀಕ್ಷಿಸುತ್ತ ಹೋಗುತ್ತಿದ್ದಾನೆ, ಮುದುಕರಾದ ಈ ಜನ ಮಹಡಿ ಹತ್ತಿ ಇಳಿದು ಅವನ ಹಿಂದೆ ಓಡುತ್ತಿದ್ದಾರೆ. ಇದ್ದಕ್ಕಿದ್ದಂತೆ ತಿರುಗಿ ಕೇಳುತ್ತಾನೆ: ನೀವು ಹಂದಿಮಾಂಸವನ್ನೇಕೆ ತಿನ್ನುವುದಿಲ್ಲ? ಎದುರು ಪಕ್ಷದವರು ಘೊಳ್ಳೆಂದು ನಕ್ಕರು. ಒಂದೊಂದು ಜನಕ್ಕೆ ಒಂದೊಂದು ಆಚಾರ, ಕೆಲವರು ಕುರಿಮರಿಯನ್ನೂ ತಿನ್ನುವುದಿಲ್ಲ ಎಂದು ಯಾರೋ ಹೇಳಿದರು. ಸರಿಯೆ, ಅದು ರುಚಿಯಿರುವುದಿಲ್ಲ ಎಂದ ಚಕ್ರವರ್ತಿ. ಊರಿನಲ್ಲಿ ಹೆಣಗಳು ಬಿದ್ದಿದ್ದ ಜನಕ್ಕೆ ದೊರೆತ ವಿಚಾರಣೆ ಇದು!

ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಹೆಸರನ್ನು ಕನ್ನಡಿಗರು ಕೇಳಿದ್ದೀರಿ. ಅಲ್ಲಿಯ ಹಳೆಯ ಕಸದ ಗುಡ್ಡೆಗಳಲ್ಲಿ ದೊರೆತ ಪಪೈರಸ್ ಹಾಳೆಯೊಂದರಲ್ಲಿ ಗ್ರೀಕ್ ಪ್ರಹಸನವಿದೆ. ಅದರಲ್ಲಿ ಭಾರತದ ಪಾತ್ರಗಳು ಆಡುವ ಮಾತು ಕನ್ನಡವಿರಬಹುದೆಂದು ಹುಲ್ಟ್ಶ್ 1904ರಲ್ಲಿ ಸೂಚಿಸಿದರು. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಅದರ ಬೆನ್ನು ಹತ್ತಿದರು. ಆ ವಾದ ಇಂದಿಗೂ ಮುಗಿದಿಲ್ಲ. ಮುಗಿದು ನಮ್ಮ ಪರವಾದರೂ, ಅಲ್ಲಿ ನಮ್ಮ ಮಾತು ಬಂದಿರುವುದು ಪ್ರೇಕ್ಷಕರನ್ನು ನಗಿಸುವ ಅರ್ಥವಿಲ್ಲದ ಸದ್ದಾಗಿ ಎಂಬುದನ್ನು ನಾವು ಸಾಮಾನ್ಯವಾಗಿ ಹೇಳಿಕೊಳ್ಳುವುದಿಲ್ಲ. ಅದೇ ಗುಡ್ಡೆಗಳಿಂದ ಬಂದ ಇನ್ನೊಂದು ಹಾಳೆ ಕ್ರಿ.ಶ. 200ರ ಸುಮಾರಿನದು, ಊರಿನವರ ಪರವಾಗಿ ಚಕ್ರವರ್ತಿಗೆ ಬರೆದ ಅರ್ಜಿ. ಯೆಹೂದ್ಯರ ಮೇಲಿನ ಯುದ್ಧದಲ್ಲಿ ನಾವು ರೋಮಿನ ಪಕ್ಷದಲ್ಲಿ ನಿಂತೆವು, ಆ ಜಯದ ದಿನವನ್ನು ಈಗಲೂ ಪ್ರತಿವರ್ಷ ಹಬ್ಬವಾಗಿ ಆಚರಿಸುತ್ತಿದ್ದೇವೆ ಎಂದು ಅದರಲ್ಲಿದೆ. ಅದು ಕ್ರಿ.ಶ. 115ರಿಂದ 117ರವರೆಗೆ ನಡೆದ ದಂಗೆ. ಎದ್ದವರು ಯೆಹೂದ್ಯರೇ, ಕ್ರೌರ್ಯ ಎರಡು ಕಡೆಯೂ ಇತ್ತು. ಕೊನೆಯಲ್ಲಿ ಈಜಿಪ್ಟಿನ ಯೆಹೂದ್ಯ ಸಮಾಜವೇ ಹೆಚ್ಚುಕಡಮೆ ಅಳಿಸಿಹೋಯಿತು. ಅಳಿದು ಎಂಬತ್ತು ವರ್ಷಗಳಾದ ಮೇಲೂ ಊರಿನವರು ಹಬ್ಬದ ಊಟ ಮಾಡುತ್ತಿದ್ದರು.

ಇನ್ನು ರೋಮ್. ಕ್ರಿ.ಪೂ. 63ರಲ್ಲಿ ಪಾಂಪೆ ಜೆರೂಸಲೇಮನ್ನು ಗೆದ್ದು, ಯಾರೂ ಕಾಲಿಡಕೂಡದ ಗರ್ಭಗುಡಿಯನ್ನು ಹೊಕ್ಕ. ಒಳಗೆ ದೇವರ ಮೂರ್ತಿಯೇ ಇರಲಿಲ್ಲ. ಬಯಲು ಎಂಬ ಮಾತಿನ ತೂಕವನ್ನು ವಚನಗಳಿಂದ ಕಲಿತ ನಮಗೆ ಇದು ವಿಸ್ಮಯವಲ್ಲ. ರೋಮನ್ನರಿಗೆ ದೊಡ್ಡ ಒಗಟಾಯಿತು. ಸಿಸೆರೊ ನಾಲ್ಕು ವರ್ಷದ ಮೇಲೆ ಒಂದು ಮೊಕದ್ದಮೆಯಲ್ಲಿ ಫ್ಲಾಕಸ್ ಎಂಬ ಅಧಿಕಾರಿಯ ಪರವಾಗಿ ವಾದಿಸಿದ. ಯೆಹೂದ್ಯರು ತಮ್ಮ ದೇವಾಲಯಕ್ಕೆ ಕಳಿಸುತ್ತಿದ್ದ ಚಿನ್ನವನ್ನು ತಡೆಹಿಡಿದನೆಂಬುದು ಫ್ಲಾಕಸನ ಮೇಲಿದ್ದ ಆರೋಪಗಳಲ್ಲಿ ಒಂದು. ಸಿಸೆರೊ ದನಿ ತಗ್ಗಿಸುತ್ತಾನೆ: ಸುತ್ತ ನೆರೆದಿರುವ ಆ ಜನಕ್ಕೆ ಕೇಳಿಸದಂತೆ ನ್ಯಾಯಾಧೀಶರಿಗೆ ಮಾತ್ರ ಹೇಳುತ್ತೇನೆ ಎನ್ನುತ್ತಾನೆ. ವಕೀಲನ ಆ ಪಿಸುಮಾತು ಎರಡು ಸಾವಿರ ವರ್ಷ ಕೇಳಿಸುತ್ತಿದೆ. ಅವನ ಸ್ನೇಹಿತನೂ ಮಹಾಪಂಡಿತನೂ ಆದ ವಾರೊ ಬೇರೆಯೇ ರೀತಿ ಯೋಚಿಸಿದ. ರೋಮನ್ನರೂ ಮೊದಲ 170 ವರ್ಷಗಳಿಗಿಂತ ಹೆಚ್ಚು ಕಾಲ ವಿಗ್ರಹವಿಲ್ಲದೆ ದೇವರನ್ನು ಪೂಜಿಸಿದರು, ಆ ಪದ್ಧತಿ ಉಳಿದಿದ್ದರೆ ಪೂಜೆ ಇನ್ನೂ ಶುದ್ಧವಾಗಿರುತ್ತಿತ್ತು ಎಂದು ಹೇಳಿ, ಅದಕ್ಕೆ ಯೆಹೂದ್ಯರನ್ನು ಸಾಕ್ಷಿಯಾಗಿ ಕರೆದ. ಭೂಗೋಳಜ್ಞ ಸ್ಟ್ರಾಬೊ ಕೂಡ ಮೋಶೆಯನ್ನು ಮೆಚ್ಚಿದವನೇ.

ಕವಿಗಳಿಗೆ ಯೆಹೂದ್ಯರು ವಿನೋದದ ವಸ್ತು. ಹಂದಿಮಾಂಸ, ಸುನ್ನತಿ, ಸಬ್ಬತ್ತಿನ ರಜೆ, ಇವು ಮೂರೇ ಅವರಿಗೆ ಗೊತ್ತು. ಸಬ್ಬತ್ತನ್ನಾದರೂ ಸರಿಯಾಗಿ ತಿಳಿದಿದ್ದರೇ? ಅದೊಂದು ಉಪವಾಸದ ದಿನವೆಂದು ಅಗಸ್ಟಸ್ ಚಕ್ರವರ್ತಿಯೇ ನಂಬಿದ್ದ. ಸಬ್ಬತ್ತಿನ ದಿನ ಯಾವ ಯೆಹೂದ್ಯನೂ ತನ್ನಷ್ಟು ಕಟ್ಟುನಿಟ್ಟಾಗಿ ಉಪವಾಸವಿರಲಾರನೆಂದು ತಮಾಷೆಯಾಗಿ ಪತ್ರ ಬರೆದಿದ್ದಾನೆ. ನಿಜವಾಗಿ ಅದು ದೀಪ ಹಚ್ಚಿ, ಮನೆಮಂದಿಯೆಲ್ಲ ಕೂಡಿ ಉಣ್ಣುವ ದಿನ. ಪಕ್ಕದ ಮನೆಯ ಹಬ್ಬವನ್ನು ಏಕಾದಶಿಯೆಂದು ತಿಳಿದಂತಾಯಿತು! ತತ್ತ್ವಜ್ಞಾನಿ ಸೆನೆಕ, ಆಯುಷ್ಯದ ಏಳನೆಯ ಒಂದು ಭಾಗವನ್ನು ಸೋಮಾರಿತನದಲ್ಲಿ ಕಳೆಯುವ ಜನವೆಂದು ಅವರನ್ನು ಗದರಿಸಿ, ಸೋತವರು ಗೆದ್ದವರಿಗೆ ಶಾಸನ ವಿಧಿಸುತ್ತಿದ್ದಾರೆಂದು ನಿಟ್ಟುಸಿರಿಟ್ಟ. ನಿಟ್ಟುಸಿರಿಗೆ ಕಾರಣವಿತ್ತು. ರೋಮನ್ನರ ಮನೆಗಳಲ್ಲಿಯೇ ಕೆಲವರು ಸಬ್ಬತ್ತನ್ನು ಆಚರಿಸತೊಡಗಿದ್ದರು. ತಂದೆ ಏಳನೆಯ ದಿನ ಕೆಲಸ ಬಿಟ್ಟರೆ ಮಗ ಸುನ್ನತಿಯನ್ನೇ ಮಾಡಿಸಿಕೊಳ್ಳುತ್ತಾನೆಂದು ಜುವೆನಲ್ ಕಿಡಿಕಾರಿದ್ದು ಅದರಿಂದಲೇ. ಇವರ ಸಿಟ್ಟಿನ ಒಳಗೆ ಈ ಭಯವೂ ಇತ್ತೆಂಬುದನ್ನು ಮರೆಯಬಾರದು. ಇವರು ಗ್ರೀಕರನ್ನೂ ಸಿರಿಯನ್ನರನ್ನೂ ಈಜಿಪ್ಟಿನವರನ್ನೂ ಬೈದಿದ್ದಾರೆಂಬುದೂ ನಿಜ. ಇಪ್ಪತ್ತನೆಯ ಶತಮಾನದ ಜನಾಂಗದ್ವೇಷವನ್ನು ಹಾಗೆಯೇ ಹಿಂದಕ್ಕೆ ಒಯ್ದು ಇವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅನ್ಯರ ವಿಗ್ರಹಗಳನ್ನು ಗೇಲಿ ಮಾಡುವುದರಲ್ಲಿ ಯೆಹೂದ್ಯ ಲೇಖಕರೇನೂ ಹಿಂದೆ ಬಿದ್ದವರಲ್ಲ.

ಇವರೆಲ್ಲರಿಗಿಂತ ನನಗೆ ನೋವು ತಂದವನು ಟಾಸಿಟಸ್. ಚರಿತ್ರಕಾರರಲ್ಲಿ ಅವನಂಥ ಗದ್ಯಶಿಲ್ಪಿ ವಿರಳ. ಅಧಿಕಾರದ ಸುಳ್ಳನ್ನು ಅವನಂತೆ ಹರಿದು ತೋರಿಸಿದವರಿಲ್ಲ. ಕ್ರಿ.ಶ. 70ರಲ್ಲಿ ಜೆರೂಸಲೇಮ್ ಹಾಳಾದ ಕಥೆಯನ್ನು ಹೇಳುವ ಮೊದಲು ಅವನು ಆ ಜನದ ಮೂಲವನ್ನು ವಿಚಾರಿಸುತ್ತಾನೆ. ಕ್ರೀಟ್ ದ್ವೀಪದವರು, ಇಥಿಯೋಪಿಯದವರು, ಅಸ್ಸೀರಿಯದವರು, ಹೋಮರನಲ್ಲಿ ಬರುವ ಸೊಲಿಮರು ಎಂದು ಹಲವು ಮತಗಳನ್ನು ಹೇಳಿ, ಕೊನೆಗೆ ರೋಗಕ್ಕಾಗಿ ಅಟ್ಟಲ್ಪಟ್ಟವರೆಂಬ ಆ ಈಜಿಪ್ಟಿನ ಕಥೆಯಲ್ಲಿ ನೆಲೆನಿಲ್ಲುತ್ತಾನೆ. ಮರುಭೂಮಿಯಲ್ಲಿ ನೀರು ತೋರಿಸಿದ ಕತ್ತೆಯ ಪ್ರತಿಮೆಯನ್ನು ಗರ್ಭಗುಡಿಯಲ್ಲಿ ಇಟ್ಟರೆನ್ನುತ್ತಾನೆ. ಕೆಲವೇ ವಾಕ್ಯಗಳ ಮುಂದೆ, ಅವರು ಯಾವ ಪ್ರತಿಮೆಯನ್ನೂ ಇಡುವುದಿಲ್ಲ, ಪಾಂಪೆ ಕಂಡದ್ದು ಬರಿದಾದ ಗುಡಿ ಎನ್ನುತ್ತಾನೆ. ತನ್ನ ಎರಡು ಮಾತು ಒಂದನ್ನೊಂದು ಕೊಲ್ಲುತ್ತಿರುವುದು ಅಂಥ ಸೂಕ್ಷ್ಮಮತಿಗೆ ಕಾಣಲಿಲ್ಲ. ಜೋಸೆಫಸನ ಗ್ರಂಥಗಳು ಅದೇ ರೋಮಿನಲ್ಲಿ, ಟಾಸಿಟಸನ ಕಾಲದಲ್ಲಿಯೇ ಪ್ರಕಟವಾಗಿದ್ದುವು. ಮೂಲದ ಈ ಚರ್ಚೆಯಲ್ಲಿ ಅವುಗಳ ಸುಳಿವೂ ಇಲ್ಲ.

ಇನ್ನೂ ಒಂದು ಮಾತು. ಈ ಜನ ಹುಟ್ಟಿದ ಶಿಶುಗಳಲ್ಲಿ ಬೇಡವಾದದ್ದನ್ನು ಕೊಲ್ಲುವುದನ್ನು ಪಾಪವೆಂದು ಭಾವಿಸುತ್ತಾರೆ ಎಂದು ಟಾಸಿಟಸ್ ಬರೆಯುತ್ತಾನೆ. ಹೊಗಳುವುದಕ್ಕಲ್ಲ; ಅವರ ವಿಚಿತ್ರ ಆಚಾರಗಳ ಪಟ್ಟಿಯ ನಡುವೆ, ಸಂಖ್ಯೆ ಬೆಳೆಸಿಕೊಳ್ಳುವ ಒಂದು ಉಪಾಯವೆಂಬಂತೆ. ಆ ವಾಕ್ಯದ ಮುಂದೆ ನಾನು ಬಹಳ ಹೊತ್ತು ಪುಸ್ತಕ ಮುಚ್ಚಿ ಕುಳಿತೆ. ಬೇಡದ ಕೂಸನ್ನು ಹೊರಗಿಡುವುದು ರೋಮಿನಲ್ಲಿ ನಡೆದುಬಂದ ಪದ್ಧತಿ. ನೋಡುತ್ತಿರುವವನ ಮನೆಯ ಬಾಗಿಲು ಅಷ್ಟರಮಟ್ಟಿಗೆ ತೆರೆದುಕೊಂಡಿತು.

ಓದಿದವರು ಯಾರೂ ಇರಲಿಲ್ಲವೆಂದಲ್ಲ. 2ನೆಯ ಶತಮಾನದ ನುಮೇನಿಯಸ್ ಎಂಬ ತತ್ತ್ವಜ್ಞಾನಿ, ಪ್ಲೇಟೊ ಎಂದರೆ ಅಥೆನ್ಸಿನ ಭಾಷೆಯಲ್ಲಿ ಮಾತನಾಡಿದ ಮೋಶೆಯಲ್ಲದೆ ಮತ್ತಾರು ಎಂದು ಕೇಳಿದ. ವೈದ್ಯ ಗೇಲನ್ ಮೋಶೆಯೊಡನೆ ಜಗಳವಾಡಿದ: ದೇವರು ಇಚ್ಛಿಸಿದ ಮಾತ್ರಕ್ಕೆ ಕಲ್ಲು ಮನುಷ್ಯನಾಗಲಾರದು, ಪ್ರಕೃತಿಗೆ ಅಸಾಧ್ಯವಾದದ್ದನ್ನು ದೇವರೂ ಮಾಡಹೋಗುವುದಿಲ್ಲ ಎಂಬುದು ಅವನ ವಾದ. ಜಗಳವೇ ಆದರೂ ಅದು ವಿಚಾರವಂತರ ಜಗಳ.

ಮತ್ತೆ ಲಾಂಜೈನಸ್. ಆ ಗ್ರಂಥದ ಕರ್ತೃ ಯಾರೆಂಬುದೇ ನಿಶ್ಚಯವಿಲ್ಲ. ಪ್ಯಾರಿಸಿನಲ್ಲಿರುವ 10ನೆಯ ಶತಮಾನದ ಹಸ್ತಪ್ರತಿಯಲ್ಲಿ ‘ಡಯೊನೀಸಿಯಸ್ ಅಥವಾ ಲಾಂಜೈನಸ್’ ಎಂದಿದೆ. ನಡುನಡುವೆ ಹಾಳೆಗಳು ಕಳೆದುಹೋಗಿವೆ. ಗ್ರೀಕನೊಬ್ಬ ಯೆಹೂದ್ಯ ಗ್ರಂಥವನ್ನು ಹೀಗೆ ಮೆಚ್ಚುವುದು ಅಸಂಭವ, ಆ ಸಾಲುಗಳು ಯಾರೋ ಸೇರಿಸಿದ್ದಿರಬೇಕು ಎಂದು ಶಂಕಿಸಿದ ವಿದ್ವಾಂಸರೂ ಇದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಅವನು ಆ ಜನದ ಹುಟ್ಟನ್ನು ವಿಚಾರಿಸುವುದಿಲ್ಲ, ಊಟವನ್ನು ವಿಚಾರಿಸುವುದಿಲ್ಲ. ಮಾತಿನಿಂದ ಬೆಳಕಾದ ಆ ವಾಕ್ಯವನ್ನು ಎತ್ತಿಕೊಳ್ಳುತ್ತಾನೆ. ಅದರ ಪಕ್ಕದಲ್ಲಿಯೇ ಮಂಜಿನ ನಡುವೆ ನಿಂತು ಬೆಳಕನ್ನು ಬೇಡುವ ಏಜಾಕ್ಸನನ್ನು ನಿಲ್ಲಿಸುತ್ತಾನೆ. ನನ್ನ ಹಳೆಯ ಪಾಠದ ಪ್ರತಿಯಲ್ಲಿ ಏಜಾಕ್ಸನ ಸಾಲುಗಳ ಕೆಳಗೆ ಕೆಂಪು ಗೆರೆಗಳಿವೆ. ಮೇಲಿನ ಸಾಲುಗಳಿಗೆ ಮೊನ್ನೆ ಗೆರೆ ಎಳೆದೆ. ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಎಲ್ಲಿಯಾದರೂ ಈ ಭಾಷಣವನ್ನು ಕೇಳುತ್ತಿದ್ದರೆ, ಅಂದಿನ ನನ್ನ ಉತ್ತರವನ್ನು ತಿದ್ದಿಕೊಳ್ಳಬೇಕೆಂದು ಅವನಲ್ಲಿ ಕೇಳಿಕೊಳ್ಳುತ್ತೇನೆ: ಗ್ರೀಕರಿಗಲ್ಲ, ಅವರಲ್ಲಿ ಎಲ್ಲೋ ಒಬ್ಬಿಬ್ಬರಿಗೆ ಗೊತ್ತಿತ್ತು.